ಹಕ್ಕು ತೀರಿದ ಸಾಮಾನುಗಳ ಬಜಾರು

ಶ್ರಾವಣದ ಮಳೆ ಎರಡು ದಿನ ಬಿಡುವು ಕೊಟ್ಟರೆ ಸಾಕು, ಆಳಂದದ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಾಲಿಗೆ ಗೇಣುದ್ದ ಎರೆಮಣ್ಣು ಮೆತ್ತಿಕೊಂಡ ಟ್ರ್ಯಾಕ್ಟರುಗಳು, ಎರಡೂ ಬದಿಗೆ ಹಾಲಿನ ಕ್ಯಾನು ಜೋತುಬಿದ್ದ ಮೋಟಾರ್ ಸೈಕಲ್ಲುಗಳು, ಉಮರ್ಗಾ ಕಡೆಯಿಂದ ಬಂದ ಜೀಪುಗಳು, ಲಾಡ್ಲೆ ಮಶಾಯಖ್ ದರ್ಗಾಕ್ಕೆ ಹೊರಟ ಸಂಸಾರಗಳು. ಕನ್ನಡದಲ್ಲಿ ಶುರುವಾದ ಚೌಕಾಸಿ ದಖನಿಯಲ್ಲಿ ಬಿಸಿಯೇರಿ ಮರಾಠಿಯಲ್ಲಿ ಮುಗಿಯುತ್ತದೆ. ಈ ಗದ್ದಲದ ನಡುವೆ ಗೋಲಿ ಸೋಡಾದ ಗಾಡಿ. ಹುಡುಗ ಬಾಟಲಿಯ ಬಾಯಿಗೆ ಕಟ್ಟಿಗೆಯ ಬಿರಡೆ ಇಟ್ಟು ಅಂಗೈಯಿಂದ ಒಂದು ಗುದ್ದುತ್ತಾನೆ. ಚೀಂ ಎಂದು ಗಾಳಿ ಬಿಟ್ಟು ಗೋಲಿ ಕೆಳಗಿಳಿಯುತ್ತದೆ. ನಿಂಬೆ, ಉಪ್ಪು, ನೊರೆ.

ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ತಿರುಗಿಸಿ ನೋಡಬೇಕು. ಕತ್ತಿನ ಒಳಗೆ ಒಂದು ರಬ್ಬರ್ ಉಂಗುರ. ಸೋಡಾ ತುಂಬುವಾಗ ಬಾಟಲಿಯನ್ನು ತಲೆಕೆಳಗು ಮಾಡಿರುತ್ತಾರೆ. ಒಳಗಿನ ಗಾಳಿಯ ಒತ್ತಡವೇ ಗೋಲಿಯನ್ನು ಆ ಉಂಗುರಕ್ಕೆ ಒತ್ತಿ ಮುಚ್ಚಳವಾಗಿಸುತ್ತದೆ. ಮೇಲೆ ಬೇರೆ ಬಿರಡೆ ಬೇಕಿಲ್ಲ, ತಂತಿ ಬೇಕಿಲ್ಲ. ಕತ್ತಿನ ಕೆಳಗೆ ಎರಡು ಕಡೆ ಗಾಜನ್ನು ಬೆರಳಿನಿಂದ ಅದುಮಿದಂತೆ ತಗ್ಗು ಮಾಡಿದ್ದಾರೆ. ಸೋಡಾ ಸುರಿಯುವಾಗ ಗೋಲಿ ಮತ್ತೆ ಉರುಳಿ ಬಾಯಿಗೆ ಅಡ್ಡ ಬಾರದಂತೆ ಆ ತಗ್ಗಿನಲ್ಲಿ ಸಿಕ್ಕಿಕೊಳ್ಳಲಿ ಎಂದು. ಇಷ್ಟನ್ನೂ ಯೋಚಿಸಿ 1872ರಲ್ಲಿ ಪೇಟೆಂಟ್ ಪಡೆದವನು ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್. ಅವನು 1887ರಲ್ಲಿ ತೀರಿಕೊಂಡ. ಅವನ ಹಕ್ಕು ಎಂದೋ ತೀರಿತು. ಅವನ ದೇಶದಲ್ಲಿ ಆ ಬಾಟಲಿ ಈಗ ಹಳೆ ಸಾಮಾನು ಕೂಡಿಡುವವರ ಕಪಾಟಿನಲ್ಲಿದೆ. ಇಲ್ಲಿ ಅದು ಇನ್ನೂ ದುಡಿಯುತ್ತಿದೆ.

ಹೀಗೆ ನೋಡುತ್ತ ಹೊರಟರೆ ಈ ಬಜಾರಿನಲ್ಲಿ ಹಕ್ಕು ತೀರಿದ ಸಾಮಾನುಗಳೇ ಕಣ್ಣಿಗೆ ಬೀಳುತ್ತವೆ. ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತ ಟೇಲರ್ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಸೂಜಿಗೆ ಕಣ್ಣು ಇರುವುದು ಹಿಂದಲ್ಲ, ಮೊನೆಯ ಹತ್ತಿರ. ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪಡೆದ ಪೇಟೆಂಟ್‌ನ ಜೀವ ಅಂಥ ಸೂಜಿಯಲ್ಲೂ ಎರಡು ದಾರಗಳ ಗಂಟಿನಲ್ಲೂ ಇತ್ತು. ಐದು ವರ್ಷದ ಮೇಲೆ ಐಸಾಕ್ ಸಿಂಗರ್ ಇನ್ನೊಂದು ಪೇಟೆಂಟ್ ತಂದ. ಇಬ್ಬರೂ ಕೋರ್ಟಿನಲ್ಲಿ ಕಾದಾಡಿದರು, ಸಿಂಗರ್ ಸೋತು ಹೋವ್‌ಗೆ ದುಡ್ಡು ಕಟ್ಟಿದ. ಕೊನೆಗೆ 1856ರಲ್ಲಿ ದೊಡ್ಡ ಕಂಪನಿಗಳೆಲ್ಲ ಕೂಡಿ ತಮ್ಮ ಪೇಟೆಂಟ್‌ಗಳನ್ನು ಒಂದೇ ಗಂಟು ಮಾಡಿಕೊಂಡವು. ಟೇಲರ್‌ಗೆ ಇದ್ಯಾವುದರ ಗೊಡವೆಯಿಲ್ಲ. ಬಾಬಿನ್ ಸಿಕ್ಕಿಕೊಂಡಿದೆ, ಅದನ್ನು ಬಿಡಿಸುತ್ತಿದ್ದಾನೆ.

ಬಸ್ ನಿಲ್ದಾಣದ ಆಚೆ ನಿಂತ ಟ್ರ್ಯಾಕ್ಟರಿನ ಹಿಂಬದಿಗೆ ಹೋಗಿ ನೋಡಿ. ಕೆಳಗೆ ಎರಡು ತೋಳು, ಮೇಲೆ ನಡುವೆ ಒಂದು. ಮೂರು ಕಡೆ ಪಿನ್ನು ಹಾಕಿದರೆ ನೇಗಿಲು ಕೂಡುತ್ತದೆ, ತೆಗೆದರೆ ಬಿತ್ತುವ ಯಂತ್ರ ಕೂಡುತ್ತದೆ. ನೇಗಿಲು ಕಲ್ಲಿಗೆ ಸಿಕ್ಕಿದರೂ ಟ್ರ್ಯಾಕ್ಟರ್ ಮುಂಗಾಲೆತ್ತಿ ಚಾಲಕನ ಮೇಲೆ ಮಗುಚಿ ಬೀಳದಂತೆ ಭಾರವನ್ನು ತಿರುಗಿಸುವ ಹಂಚಿಕೆಯೂ ಇದರಲ್ಲೇ ಇದೆ. ಇದು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್‌ನದು, ಪೇಟೆಂಟ್ 1926ರ ಕಾಲದ್ದು. ಹೆನ್ರಿ ಫೋರ್ಡ್ ಮತ್ತು ಅವನು ಕೈ ಕುಲುಕಿ ಕೂಡಿ ಕೆಲಸ ಮಾಡಿದರು. ಫೋರ್ಡನ ಮೊಮ್ಮಗನ ಕಾಲಕ್ಕೆ ಆ ಒಪ್ಪಂದ ಮುರಿಯಿತು. ಫರ್ಗ್ಯುಸನ್ 25 ಕೋಟಿ ಡಾಲರಿಗೂ ಹೆಚ್ಚು ಕೇಳಿ ದಾವೆ ಹೂಡಿದ. ವರ್ಷಗಟ್ಟಲೆ ಅಲೆದು 1952ರಲ್ಲಿ ಕೈಗೆ ಬಂದದ್ದು 92.5 ಲಕ್ಷ ಡಾಲರ್. ಈ ಲೆಕ್ಕ ಮುಂದೆ ಕೆಲಸಕ್ಕೆ ಬರುತ್ತದೆ.

ಪೇಟೆಂಟ್ ಎಂದರೆ ಗುಟ್ಟು ಬಚ್ಚಿಡುವ ಉಪಾಯ ಎಂದು ತಿಳಿದವರೇ ಹೆಚ್ಚು. ನಿಜಕ್ಕೂ ಅದು ತಿರುಗುಮುರುಗು. ನಿನಗೆ ಗೊತ್ತಿರುವುದನ್ನೆಲ್ಲ, ಮಾಡುವ ಅತ್ಯುತ್ತಮ ವಿಧಾನದ ಸಮೇತ, ಚಿತ್ರ ಬರೆದು ಸರಕಾರಕ್ಕೆ ಕೊಡು. ನಾವು ಅದನ್ನು ಊರಿಗೆಲ್ಲ ಪ್ರಕಟಿಸುತ್ತೇವೆ. ಅದರ ಬದಲಿಗೆ 20 ವರ್ಷ ಅದನ್ನು ಬೇರೆ ಯಾರೂ ಮಾಡುವಂತಿಲ್ಲ, ಆಮೇಲೆ ಎಲ್ಲರೂ ಮಾಡಬಹುದು. ಭಾರತದ 1970ರ ಪೇಟೆಂಟ್ ಕಾಯಿದೆಯ ಸಾರ ಇಷ್ಟೇ. ಬಚ್ಚಿಟ್ಟವರ ಗುಟ್ಟುಗಳು ಅವರ ಜೊತೆಗೇ ಮಣ್ಣಾದವು. ಬರೆದುಕೊಟ್ಟವರ ಕೆಲಸ ಆಳಂದದ ಬಜಾರಿನವರೆಗೂ ಬಂತು. ಆದರೆ ಈ ಬಜಾರು ತಾನು ಕಂಡುಕೊಂಡದ್ದನ್ನು ಎಲ್ಲಿ ಬರೆದುಕೊಟ್ಟಿದೆ? ನನ್ನ ತಕರಾರು ಅದು.

ಊರ ಹೊರಗೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಕಡೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ವೆಲ್ಡಿಂಗ್ ಅಂಗಡಿ. ಮುಂದೆ ಕುಂಟೆಯ ಕುಡಗಳು, ಮುರಿದ ಟ್ರಾಲಿಯ ಬಾಗಿಲು, ಕಿಟಕಿಯ ಗ್ರಿಲ್ಲುಗಳು. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಏನೋ ಒಂದು. ಮಿಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಕಣ್ಣಿಗೆ ಕಪ್ಪು ಗಾಜು ಹಿಡಿದು ರಾಡು ತಾಗಿಸುತ್ತಾರೆ. ರಾಡಿನ ಮೇಲಿನ ಲೇಪ ಉರಿದು ಹೊಗೆಯಾಗಿ ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ಮುಚ್ಚುತ್ತದೆ. ಅಂದಹಾಗೆ ಇಂಥ ಲೇಪದ ರಾಡಿಗೂ ಪೇಟೆಂಟ್ ಇತ್ತು, ಸ್ವೀಡನ್ನಿನ ಆಸ್ಕರ್ ಶೆಲ್‌ಬೆರ್ಗ್‌ನದು, ಕಳೆದ ಶತಮಾನದ ಮೊದಲ ದಶಕದ್ದು.

ಶೆಡ್ಡಿನ ಸುತ್ತ ನೋಡಿದಷ್ಟು ದೂರ ತೊಗರಿ. ಜೂನ್ ಕೊನೆಗೆ ಬಿತ್ತಿದ್ದು ಈಗ ಮೊಣಕಾಲು ದಾಟಿದೆ. ಬಿತ್ತಿ 45ರಿಂದ 50 ದಿನಕ್ಕೆ ಗಿಡದ ತುದಿಯ ಕುಡಿಯನ್ನು ಒಂದೆರಡು ಇಂಚು ಚಿವುಟಬೇಕು ಎಂಬುದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ವರ್ಷಗಳಿಂದ ಹೇಳುತ್ತ ಬಂದ ಮಾತು. ತುದಿಯ ಕುಡಿ ಇರುವತನಕ ಗಿಡ ಮೇಲಕ್ಕೇ ಓಡುತ್ತದೆ. ಆ ಕುಡಿಯಿಂದ ಇಳಿಯುವ ಆಕ್ಸಿನ್ ಎಂಬ ರಸ ಪಕ್ಕದ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಕುಡಿ ಹೋದರೆ ಪಕ್ಕದ ಟೊಂಗೆಗಳು ಒಡೆಯುತ್ತವೆ. ಟೊಂಗೆ ಹೆಚ್ಚಿದರೆ ಹೂ ಹೆಚ್ಚು, ಕಾಯಿ ಹೆಚ್ಚು. ಹತ್ತು ಎಕರೆ ಹೊಲದಲ್ಲಿ ಒಂದೊಂದೇ ಗಿಡ ಬಗ್ಗಿ ಚಿವುಟಲು ಆಳು ಎಲ್ಲಿ? ಅದಕ್ಕೇ ಕುಡಿ ಚಿವುಟುವ ಯಂತ್ರ ಬಂತು. ಹಗುರ ಪೈಪಿನ ತುದಿಗೆ ಸಣ್ಣ ಮೋಟಾರು, ಮೋಟಾರಿಗೆ ತಿರುಗುವ ಅಲಗು, ಬೆನ್ನಿಗೆ 12 ವೋಲ್ಟಿನ ಬ್ಯಾಟರಿ. ಸಾಲಿನ ನಡುವೆ ನಡೆಯುತ್ತ ಗಿಡದ ನೆತ್ತಿಯ ಮೇಲೆ ಆಡಿಸಿದರೆ ಕುಡಿಗಳು ಪಟಪಟ ಉದುರುತ್ತವೆ.

ಅಂಥದೊಂದನ್ನು ಹೆಗಲ ಮೇಲಿಟ್ಟುಕೊಂಡು ಒಬ್ಬ ಯುವಕ ಬಂದ.

"ಕಾಕಾ, ಅಲಗು ಗಡಗಡ ಅಂತದ. ನಟ್ಟು ಬಿಗೀ ಮಾಡಿ ಕೊಡ್ರಿ."

"ಕಲ್ಲಿಗಿ ಬಡದೀಯೇನೋ?"

"ಇಲ್ಲ ಕಾಕಾ, ತಮ್ಮ ಹಿಡದಿದ್ದ. ಅವಂಗ ಎತ್ತರ ತಿಳೀವಲ್ದು."

ಮಿಸ್ತ್ರಿ ನಕ್ಕು ಪೈಪಿನ ತುದಿಗೆ ಬೆಸೆದ ಒಂದು ಬಾಗಿದ ಸರಳನ್ನು ತೋರಿಸಿದರು. ಕಂಪನಿ ಯಂತ್ರಕ್ಕೆ ಅದು ಇರಲಿಲ್ಲ. ಎತ್ತರದವನು ಹಿಡಿದರೆ ಬರೀ ಎಲೆ ಹಾರುತ್ತದೆ, ಗಿಡ್ಡನೆಯವನು ಹಿಡಿದರೆ ಅರ್ಧ ಗಿಡವೇ ಹೋಗುತ್ತದೆ. ಸರಳು ಟೊಂಗೆಗೆ ತಾಗಿ ನಿಂತರೆ ಅಲಗು ಕೆಳಗಿಳಿಯುವುದಿಲ್ಲ. ನಾಲ್ಕು ಹಂಗಾಮು ತಿದ್ದಿ ತಿದ್ದಿ ಆ ಬಾಗು ಕೂತಿದೆಯಂತೆ. ಇದು ನಿಮ್ಮ ಆವಿಷ್ಕಾರವಲ್ಲವೇ ಎಂದರೆ, "ನಂದೇನದರೀ ಇದ್ರಾಗ? ಮೋಟಾರ ಕಂಪನಿದು, ಬ್ಯಾಟರಿ ಎಣ್ಣಿ ಹೊಡಿಯೋ ಪಂಪಿಂದು, ಪೈಪ ಅಂಗಡಿಂದು. ಸರಳೊಂದ ನಂದು" ಎಂದರು.

ಕಾನೂನು ಓದಿದವರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಕಾಯಿದೆಯ ಮೂರನೆಯ ಸೆಕ್ಷನ್ ಯಾವುದು ಆವಿಷ್ಕಾರವಲ್ಲ ಎಂಬುದರ ಪಟ್ಟಿ. ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ. ಅಂದರೆ ಐವತ್ತನೆಯ ದಿನ ಕುಡಿ ಚಿವುಟುವ ವಿದ್ಯೆ ಯಾರ ಸ್ವತ್ತೂ ಆಗಲಾರದು, ಚಿವುಟುವ ಯಂತ್ರ ಆಗಬಹುದು. ಗೊತ್ತಿರುವ ಸಾಮಾನುಗಳನ್ನು ತಂತಮ್ಮ ಪಾಡಿಗೆ ಕೆಲಸ ಮಾಡುವಂತೆ ಸುಮ್ಮನೆ ಜೋಡಿಸಿಟ್ಟರೆ ಅದಕ್ಕೂ ಇಲ್ಲ. ಬೀಜ, ತಳಿ, ಗಿಡಗಳಿಗೂ ಇಲ್ಲ, ಅವಕ್ಕೆ 2001ರ ಬೇರೆ ಕಾಯಿದೆಯಿದೆ. ಕಲಬುರಗಿ ತೊಗರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಇಡೀ ಸೀಮೆಯದೇ ಹೊರತು ಒಬ್ಬರದಲ್ಲ. ಹಾಗಾಗಿ ಮಿಸ್ತ್ರಿಯ ಲೆಕ್ಕವೇ ಸರಿ. ಕೇಳುವುದಿದ್ದರೆ ಸರಳೊಂದನ್ನೇ ಕೇಳಬೇಕು.

ಹಿಂದಿನಿಂದ ಬಂದ ವಿದ್ಯೆಗೂ ಪೇಟೆಂಟ್ ಇಲ್ಲ. ಶೆಡ್ಡಿನ ಗೋಡೆಗೆ ಒರಗಿಸಿದ ಹಳೆಯ ಕೂರಿಗೆಯ ಕಥೆ ಅದೇ. ದಿಂಡು, ತಾಳು, ಮೇಲೆ ಬಟ್ಟಲು. ಬಟ್ಟಲಿಗೆ ಹಾಕಿದ ಕಾಳು ಟೊಳ್ಳು ಕೊಳವೆಗಳಲ್ಲಿಳಿದು ಸರಿಸಾಲಿನಲ್ಲಿ ಬೀಳುತ್ತದೆ. ಯುರೋಪಿನವರು ಸಾಲುಬಿತ್ತನೆಯ ಯಂತ್ರಕ್ಕೆ ಜೆತ್ರೊ ಟಲ್‌ನ ಹೆಸರು ಹೇಳುತ್ತಾರೆ. 1790ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ದಂಡಿನವನು ಕೂರಿಗೆಯನ್ನು ಕಂಡು ಬೆರಗಾದ. ಇದು ತಮ್ಮವರ ಹೊಸ ಶೋಧ ಎಂದೇ ಅವನು ನಂಬಿದ್ದ. ಇಲ್ಲಿಯ ರೈತರು ಲಾಗಾಯ್ತಿನಿಂದ ಇದರಲ್ಲೇ ಬಿತ್ತುತ್ತಾರೆಂದು ಬ್ರಿಟನ್ನಿನ ಕೃಷಿ ಮಂಡಳಿಗೆ ಬರೆದು ತಿಳಿಸಿದ. ಆ ಬರಹವನ್ನು ಹುಡುಕಿ 1971ರ ತಮ್ಮ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿದವರು ಧರಂಪಾಲ್. ಕೂರಿಗೆ ಮಾಡಿದ ಬಡಿಗರು ಬರೆದಿಡಲಿಲ್ಲ, ಪರದೇಶದ ಕ್ಯಾಪ್ಟನ್ ಬರೆದ.

ನಮ್ಮ ದೇಶದ ಮೊದಲ ಪೇಟೆಂಟ್ ಇದಕ್ಕಿಂತ ತಮಾಷೆ. 1856ರ ಮಾರ್ಚ್ 3ರಂದು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಅರ್ಜಿ ಹಾಕಿದ್ದು ಚಾವಣಿಯ ಪಂಖಾ ಎಳೆಯುವ ಯಂತ್ರಕ್ಕೆ. ಸಾಹೇಬರ ಸೆಖೆಗೆ ಹಗಲಿರುಳು ಹಗ್ಗ ಜಗ್ಗುತ್ತಿದ್ದ ಪಂಖಾವಾಲಾನ ಕೆಲಸ ಯಂತ್ರ ಮಾಡಲಿ ಎಂಬ ಯೋಚನೆ. ಆ ಅರ್ಜಿಗೆ ಆಧಾರವಾಗಿದ್ದ ಕಾಯಿದೆಗೆ ರಾಣಿಯ ಒಪ್ಪಿಗೆ ಮೊದಲೇ ಪಡೆದಿರಲಿಲ್ಲವೆಂದು ಮಾರನೇ ವರ್ಷ ಅದನ್ನು ರದ್ದು ಮಾಡಿ, 1859ರಲ್ಲಿ ಹೊಸದಾಗಿ ತಂದರು. ಆಳಂದ, ಅಫಜಲಪುರ, ಜೇವರ್ಗಿಗಳೆಲ್ಲ ಆಗ ನಿಜಾಮರ ಸೀಮೆ. ಕಂಪನಿ ಸರಕಾರದ ಈ ಕಾಗದ ಇಲ್ಲಿ ನಡೆಯುತ್ತಿರಲಿಲ್ಲ. ಜೇವರ್ಗಿಯ ಮೇ ತಿಂಗಳ ಬಿಸಿಲು ಕಂಡವರಿಗೆ ಮಾತ್ರ ಪಂಖಾ ಯಾಕೆ ಮೊದಲ ಅರ್ಜಿಯಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಕನ್ನಡಿಗರ ಹೆಸರಿನ ಪೇಟೆಂಟ್‌ಗಳಲ್ಲಿ ಬಲು ಪ್ರಸಿದ್ಧವಾದದ್ದಕ್ಕೆ ಈ ಸೀಮೆಯ ನೀರಿನ ಸಂಬಂಧವೇ ಇದೆ. ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ, ನೀರು ಗೊತ್ತಾದ ಮಟ್ಟ ಮುಟ್ಟಿದರೆ ತಾನೇ ತೆರೆದುಕೊಂಡು, ಇಳಿದರೆ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದರು. ಮೊದಲು ಕೂರಿಸಿದ್ದು ಪುಣೆಯ ಹತ್ತಿರದ ಖಡಕವಾಸಲಾ ಕಟ್ಟೆಗೆ. ಆ ಕಟ್ಟೆ ಮುಠಾ ನದಿಯದು. ಮುಠಾ ಮುಳೆಗೆ ಸೇರಿ, ಮುಳಾ-ಮುಠಾ ಭೀಮೆಗೆ ಸೇರಿ, ಭೀಮೆ ಸೋಲಾಪುರ ದಾಟಿ ಅಫಜಲಪುರಕ್ಕೂ ಜೇವರ್ಗಿಗೂ ಬರುತ್ತಾಳೆ. ಪ್ರವಾಹದ ವರ್ಷಗಳಲ್ಲಿ ಭೀಮಾತೀರದವರು ಮಹಾರಾಷ್ಟ್ರದ ಕಟ್ಟೆಗಳ ಬಾಗಿಲಿನ ಸುದ್ದಿಗೆ ಕಿವಿಗೊಟ್ಟು ಕೂರುತ್ತಾರೆ. ಬಾಗಿಲನ್ನು ಯಾವಾಗ, ಎಷ್ಟು ತೆರೆಯಬೇಕೆಂಬ ತಲೆನೋವು ಆ ಎಂಜಿನಿಯರ್‌ಗೂ ಇದ್ದದ್ದೇ.

ಓದಿದ ಎಂಜಿನಿಯರ್‌ಗೆ ಸರಿ, ಶೆಡ್ಡಿನ ಮಿಸ್ತ್ರಿಗೆ? ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನರನ್ನು ಇಲ್ಲಿ ನೆನೆಯಬೇಕು. ಬೆಳಗ್ಗೆ ಏಳಲಾಗದ ತಮಗೇ ಅವರು ಮಾಡಿಕೊಂಡ ಅಲಾರಾಂ ಹೀಗಿತ್ತು: ಗಡಿಯಾರದ ಕೀಲಿಗೆ ದಾರ, ದಾರಕ್ಕೆ ನೀರಿನ ಬಾಟಲಿ. ಕೀಲಿ ಬಿಚ್ಚಿಕೊಂಡಂತೆ ಬಾಟಲಿ ಬಾಗಿ ಮುಖದ ಮೇಲೆ ನೀರು. ಆಮೇಲೆ ಹುಣಸೆಯ ಬೀಜ ಬೇರ್ಪಡಿಸುವ ಯಂತ್ರ, ಬೀಜ-ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನಾಟಿಯ ಯಂತ್ರ. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2015ರಲ್ಲಿ ಜೀವಮಾನದ ಪ್ರಶಸ್ತಿ ಕೊಟ್ಟಿತು, 2022ರಲ್ಲಿ ಪದ್ಮಶ್ರೀ ಬಂತು. ಈ ಪ್ರತಿಷ್ಠಾನ 2000ದಲ್ಲಿ ಶುರುವಾದದ್ದೇ ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಇಂಥವರ ಕೆಲಸ ದಾಖಲಿಸಿ, ಅವರ ಪರವಾಗಿ ಪೇಟೆಂಟ್ ಅರ್ಜಿ ಹಾಕಲು.

ಇದನ್ನೆಲ್ಲ ಹೇಳಿದೆ. ಕರ್ನಾಟಕದ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ, ಆನ್‌ಲೈನಿನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಅರ್ಜಿಯ ಶುಲ್ಕ ₹1,600, ಪರೀಕ್ಷೆಗೆ ಬೇರೆ ಕಟ್ಟಬೇಕು ಎಂದೆ. ಮಿಸ್ತ್ರಿ ರಾಡು ಕೆಳಗಿಟ್ಟು ಕೇಳಿದರು:

"ನಾಳಿ ಅಕ್ಕಲಕೋಟದಾಗ ಒಬ್ಬವ ಇದನ್ನ ಮಾಡಿ ಮಾರಿದ್ನಂದ್ರ, ಚೆನ್ನೈಯವ್ರು ಬಂದು ಹಿಡೀತಾರೇನ್ರಿ?"

ಇಲ್ಲ. ಕಾಗದ ಕೊಡುವುದಷ್ಟೇ ಕಚೇರಿಯ ಕೆಲಸ, ಕಾಯುವುದು ಮಾಲೀಕನದು. ದಾವೆ ಹೂಡಬೇಕು, ಅದೂ ಜಿಲ್ಲಾ ಕೋರ್ಟಿಗಿಂತ ಕೆಳಗೆ ನಡೆಯದು. ಫರ್ಗ್ಯುಸನ್ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂಬ ಲೆಕ್ಕ ಹೇಳಿದಾಗ ಅವರು ಬಾಯಿತುಂಬ ನಕ್ಕರು. "ಅವಂಗರೆ ರೊಕ್ಕ ಇತ್ತರೀ ಕೋರ್ಟಿಗಿ ಓಡ್ಯಾಡ್ಲಾಕ."

ಇನ್ನೂ ಒಂದು ತೊಡಕಿದೆ. ಅರ್ಜಿಗೆ ಮೊದಲೇ ವಸ್ತು ಬಜಾರಿಗೆ ಬಂದರೆ, ಪತ್ರಿಕೆಯಲ್ಲಿ ಅಚ್ಚಾದರೆ, ಅದು ಹೊಸದಲ್ಲ. ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಂಥ ಕೆಲವಕ್ಕೆ ಮಾತ್ರ 12 ತಿಂಗಳ ರಿಯಾಯಿತಿ. ಬಾಗಿದ ಸರಳು ಈಗಾಗಲೇ ಸುತ್ತಲ ಹಳ್ಳಿಗಳ ಹೊಲಗಳಲ್ಲಿ ಓಡಾಡುತ್ತಿದೆ. ಅದರ ಮಟ್ಟಿಗೆ ಬಾಗಿಲು ಮುಚ್ಚಿದಂತೆಯೇ. ಮಿಸ್ತ್ರಿಗೆ ಆ ಬಗ್ಗೆ ಬೇಜಾರೇನೂ ಕಾಣಲಿಲ್ಲ. ಅವರ ಕಣ್ಣು ಮೂಲೆಯ ಗೋಣಿಚೀಲದ ಕಡೆ ಹೋಯಿತು. ಇನ್ನೂ ಯಾರಿಗೂ ಮಾರಿಲ್ಲದ್ದು, ಬರುವ ಹಂಗಾಮಿಗೆಂದು ಮಾಡಿಟ್ಟದ್ದು. ಚೀಲ ಸರಿಸಿ ತೋರಿಸಿದರು. ಒಂದು ಕೈಯಾಡಿಸಿ ಓಡಿಸಿಯೂ ತೋರಿಸಿದರು. ನಾನು ಟಿಪ್ಪಣಿ ಪುಸ್ತಕ ತೆಗೆದೆ.

"ಬರ್ಕೋತೀರಿ ಖರೆ, ಪೇಪರ್ನ್ಯಾಗ ಹಾಕಿದ್ರ ನೀವ ಹೇಳಿದಂಗ ಹೊಸಾದು ಉಳಿಯಂಗಿಲ್ಲಲ್ರೀ?"

ಮಾತು ನ್ಯಾಯವಾದದ್ದು. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಪೂರ್ತಿ ಬರೆದುಕೊಡಲು 12 ತಿಂಗಳು ಸಿಗುತ್ತದೆ. ಮಿಸ್ತ್ರಿಯ ಮಗಳು ಕಲಬುರಗಿಯಲ್ಲಿ ಡಿಪ್ಲೊಮಾ ಓದುತ್ತಾಳೆ, ಚಿತ್ರ ಬರೆದುಕೊಡಲು ಒಪ್ಪಿದ್ದಾಳೆ. ಹಾಗಾಗಿ ಗೋಣಿಚೀಲದ ಕೆಳಗೆ ಏನಿತ್ತೆಂಬುದು ಈ ಬರಹದಲ್ಲಿಲ್ಲ.