ಆಯಿಲ್ ಮುಚ್ಚಳದಡಿ ಬಿಳಿ ನೊರೆ ಕಂಡರೆ ಎಂಜಿನ್ ಹೋಯಿತೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಕಾರಿನ ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಅದರ ಒಳಬದಿಗೆ ಅಂಟಿದ ಬೆಣ್ಣೆಯಂಥ ಬಿಳಿ ಪದಾರ್ಥವನ್ನು ತೋರಿಸುವ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಕೆಲವು ವಿಡಿಯೊಗಳು ‘ಇದು ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು’ ಎಂದು ಹೆದರಿಸುತ್ತವೆ. ಇನ್ನು ಕೆಲವು ‘ಇದೆಲ್ಲ ಮಾಮೂಲು, ಬಟ್ಟೆಯಿಂದ ಒರೆಸಿ ಓಡಿಸಿ’ ಎನ್ನುತ್ತವೆ. ಎರಡೂ ಅರ್ಧ ಸತ್ಯ. ಮೊದಲನೆಯದನ್ನು ನಂಬಿದರೆ ಬೇಡದ ಕೆಲಸಕ್ಕೆ ಸಾವಿರಾರು ರೂಪಾಯಿ ಹೋಗಬಹುದು. ಎರಡನೆಯದನ್ನು ನಂಬಿದರೆ ಎಂಜಿನ್ನೇ ಹೋಗಬಹುದು.

ಯಾದಗಿರಿ, ಶಹಾಪುರ, ಸುರಪುರದಂಥ ಕಡೆ ಈ ಪ್ರಶ್ನೆಗೆ ಬೇರೆಯದೇ ತೂಕವಿದೆ. ಇಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕುವ ರೂಢಿ ಇದೆ, ಕೃಷ್ಣಾ ಮತ್ತು ಭೀಮಾ ಉಕ್ಕಿದಾಗ ರಸ್ತೆಯ ಮೇಲೆ ನೀರು ಬರುತ್ತದೆ. ಹಾಗಾದರೆ ಆಯಿಲ್‌ಗೆ ನೀರು ಸೇರಿದೆಯೇ, ಸೇರಿದ್ದರೆ ಎಲ್ಲಿಂದ ಎಂದು ಪತ್ತೆ ಮಾಡುವುದು ಹೇಗೆ? ನೋಡೋಣ.

ಚುಟುಕಾಗಿ ಉತ್ತರ

ಬಿಳಿ ನೊರೆ ಮುಚ್ಚಳದ ಅಡಿಯಲ್ಲಿ ಮಾತ್ರ ಇದ್ದು, ಆಯಿಲ್ ಗೇಜ್ ಕಡ್ಡಿಯ ಮೇಲಿನ ಆಯಿಲ್ ಸ್ವಚ್ಛವಾಗಿದ್ದು, ಕೂಲಂಟ್ ಮಟ್ಟ ಇಳಿಯುತ್ತಿಲ್ಲ ಎಂದಾದರೆ ಅದು ಹೆಚ್ಚಾಗಿ ಗಾಳಿಯ ಮತ್ತು ಎಂಜಿನ್‌ನ ತೇವಾಂಶ. ಕಡ್ಡಿಯ ಮೇಲಿನ ಆಯಿಲ್ಲೇ ಹಾಲಿನ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ.

ಎಂಜಿನ್ ಒಳಗೆ ನೀರು ಬರುವುದು ಎಲ್ಲಿಂದ?

ಹಲವರಿಗೆ ಅಚ್ಚರಿ ಎನಿಸಬಹುದು, ಆದರೆ ಎಂಜಿನ್ ತಾನೇ ನೀರು ತಯಾರಿಸುತ್ತದೆ. ಪೆಟ್ರೋಲ್‌ನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟೇ ನೀರು ಆವಿಯಾಗಿ ಹೊರಬರುತ್ತದೆ. ಬೆಳಗಿನ ಚಳಿಯಲ್ಲಿ ಸೈಲೆನ್ಸರ್‌ನಿಂದ ಹನಿ ಹನಿ ಬೀಳುವುದು ಇದೇ ನೀರು.

ಈ ಆವಿಯ ಬಹುಪಾಲು ಸೈಲೆನ್ಸರ್ ಮೂಲಕ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಇರುವ ಜಾಗ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದು, ಆಯಿಲ್ 90–100 ಡಿಗ್ರಿ ಮುಟ್ಟಿ ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಈ ತೇವ ಆವಿಯಾಗಿ ಹೊರಹೋಗುತ್ತದೆ. ಆದರೆ ಮನೆಯಿಂದ ಯಾದಗಿರಿ ರೈಲು ನಿಲ್ದಾಣದವರೆಗೆ, ಅಲ್ಲಿಂದ ಮಾರುಕಟ್ಟೆಗೆ, ಮತ್ತೆ ಮನೆಗೆ ಎಂದು ದಿನಾ ಎರಡು-ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್‌ಗೆ ಅಷ್ಟು ಕಾಯಲು ಸಮಯವೇ ಸಿಗುವುದಿಲ್ಲ. ಆವಿ ಎಂಜಿನ್‌ನ ಮೇಲ್ಭಾಗದ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗಿ, ಆಯಿಲ್‌ನೊಂದಿಗೆ ಕಡೆದು ಬೆಣ್ಣೆಯಂತಾಗುತ್ತದೆ.

ಆಯಿಲ್‌ಗೆ ನೀರು ಸೇರುವ ಎರಡನೇ ದಾರಿ ಕೂಲಂಟ್. ಎಂಜಿನ್ ಬ್ಲಾಕ್ ಮತ್ತು ಹೆಡ್ ಒಳಗೆ ಕೂಲಂಟ್ ಹರಿಯುವ ಕಾಲುವೆ, ಆಯಿಲ್ ಹರಿಯುವ ಕಾಲುವೆ, ಇಂಧನ ಉರಿಯುವ ಸಿಲಿಂಡರ್ ಮೂರೂ ಅಕ್ಕಪಕ್ಕದಲ್ಲಿವೆ. ಇವು ಒಂದಕ್ಕೊಂದು ಸೇರದಂತೆ ತಡೆಯುವುದು ಹೆಡ್ ಗ್ಯಾಸ್ಕೆಟ್. ಎಂಜಿನ್ ಅತಿಯಾಗಿ ಕಾದು ಹೆಡ್ ಸೊಟ್ಟಗಾದರೆ, ಗ್ಯಾಸ್ಕೆಟ್ ಸುಟ್ಟರೆ ಅಥವಾ ಹೆಡ್‌ನಲ್ಲಿ ಬಿರುಕು ಬಿಟ್ಟರೆ ಈ ಗೋಡೆ ಮುರಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಕೂಲಂಟ್‌ನಿಂದಲೇ ಆಯಿಲ್ ತಣಿಸುವ ಆಯಿಲ್ ಕೂಲರ್ ಇರುತ್ತದೆ. ಅದು ತೂತಾದರೂ ಎರಡೂ ಬೆರೆಯುತ್ತವೆ.

ಮೂರನೇ ದಾರಿ ಹೊರಗಿನ ನೀರು. ಇದರ ಬಗ್ಗೆ ಮುಂದೆ ಹೇಳುತ್ತೇವೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಎಲ್ಲವನ್ನೂ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗೆ ಒತ್ತಡವಿರುವುದರಿಂದ ಅಲ್ಲಿ ನೀರು 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಅದು ಕುದಿದು ಮುಖಕ್ಕೆ ಚಿಮ್ಮುತ್ತದೆ.

1. ಗೇಜ್ ಕಡ್ಡಿ ನೋಡಿ. ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಹೊಸ ಆಯಿಲ್ ಜೇನಿನ ಬಣ್ಣ, ಓಡಿದ ಆಯಿಲ್ ಕಂದು ಅಥವಾ ಕಪ್ಪು. ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿದೆ ಎಂದಲ್ಲ. ಡೀಸೆಲ್ ಗಾಡಿಯಲ್ಲಿ ಮಸಿ ಸೇರಿ ಆಯಿಲ್ ಬೇಗನೆ ಕಪ್ಪಾಗುವುದು ಸಹಜ. ಚಿಂತೆ ಮಾಡಬೇಕಾದದ್ದು ಹಾಲು ಹಾಕಿದ ಚಹಾ ಅಥವಾ ಗಟ್ಟಿ ಮಜ್ಜಿಗೆಯ ಬಣ್ಣ ಕಂಡಾಗ.

2. ಆಯಿಲ್ ಮಟ್ಟ ಏರಿದೆಯೇ ನೋಡಿ. ಆಯಿಲ್ ಹಾಕದೆಯೂ ಮಟ್ಟ ಮೇಲಿನ ಗುರುತು ದಾಟಿದರೆ ಏನೋ ಸೇರುತ್ತಿದೆ ಎಂದರ್ಥ. ಆದರೆ ಅದು ನೀರೇ ಆಗಬೇಕಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಸ್ವಲ್ಪ ಡೀಸೆಲ್ ಆಯಿಲ್‌ಗೆ ಇಳಿಯಬಹುದು. ಆಗ ಆಯಿಲ್ ಕಪ್ಪಾಗಿಯೇ ಇದ್ದು, ತೆಳ್ಳಗಾಗಿ, ಡೀಸೆಲ್ ವಾಸನೆ ಬರುತ್ತದೆ.

3. ಕೂಲಂಟ್ ಡಬ್ಬಿಗೆ ಗುರುತು ಹಾಕಿ. ಮಾರ್ಕರ್ ಪೆನ್ನಿನಿಂದ ಇಂದಿನ ಮಟ್ಟಕ್ಕೆ ಗೆರೆ ಎಳೆಯಿರಿ. ದಿನಾ ಬೆಳಗ್ಗೆ ಅದೇ ಸಮಯಕ್ಕೆ ನೋಡಿ. ಹತ್ತು ದಿನದಲ್ಲಿ ಗೆರೆಗಿಂತ ಸ್ಪಷ್ಟವಾಗಿ ಕೆಳಗಿಳಿದು, ನೆಲದ ಮೇಲೆ ಎಲ್ಲೂ ಸೋರಿಕೆಯ ಗುರುತು ಇಲ್ಲದಿದ್ದರೆ ಕೂಲಂಟ್ ಎಂಜಿನ್ ಒಳಗೇ ಹೋಗುತ್ತಿರುವ ಸಾಧ್ಯತೆ ಇದೆ. ನಾಲ್ಕಾಣೆ ಖರ್ಚಿಲ್ಲದ ಪರೀಕ್ಷೆ ಇದು, ಆದರೆ ಅತಿ ಹೆಚ್ಚು ವಿಷಯ ಹೇಳುವುದೂ ಇದೇ.

4. ಒರೆಸಿ, ಉದ್ದಕ್ಕೆ ಓಡಿಸಿ, ಮತ್ತೆ ನೋಡಿ. ಕಡ್ಡಿ ಸ್ವಚ್ಛವಾಗಿದ್ದು ಮುಚ್ಚಳದಲ್ಲಿ ಮಾತ್ರ ನೊರೆ ಇದ್ದರೆ, ಅದನ್ನು ಒರೆಸಿ ಯಾದಗಿರಿಯಿಂದ ಶಹಾಪುರಕ್ಕೆ ಹೋಗಿ ಬರುವಷ್ಟು ದೂರ ನಿಲ್ಲಿಸದೆ ಓಡಿಸಿ. ಹೀಗೆ ಎರಡು-ಮೂರು ಸಲ ಓಡಿಸಿದ ಮೇಲೆ ನೊರೆ ಮತ್ತೆ ಬಾರದಿದ್ದರೆ ಅದು ತೇವಾಂಶವೇ. ಮತ್ತೆ ಮತ್ತೆ ಬಂದರೆ ಎಂಜಿನ್‌ನ ಆವಿ ಹೊರಹಾಕುವ ಪಿಸಿವಿ ವಾಲ್ವ್ ಅಥವಾ ಅದರ ಪೈಪ್ ಕಟ್ಟಿಕೊಂಡಿದೆಯೇ ಎಂದು ತೋರಿಸಿ.

ಇಲ್ಲಿ ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಿಸೆಂಬರ್-ಜನವರಿಯ ಚಳಿಯಲ್ಲಿ ಅಥವಾ ಮಳೆಗಾಲದಲ್ಲಿ ಮುಚ್ಚಳದಡಿ ಸ್ವಲ್ಪ ನೊರೆ ಕಂಡರೆ ಆಶ್ಚರ್ಯವಿಲ್ಲ. ಏಪ್ರಿಲ್-ಮೇ ತಿಂಗಳ ನಮ್ಮ ಒಣ ಬಿಸಿಲಿನಲ್ಲಿ, ದಿನಾ ದೂರ ಓಡುವ ಗಾಡಿಯಲ್ಲಿ ಅದೇ ನೊರೆ ಕಂಡರೆ ‘ತೇವಾಂಶ ಇರಬೇಕು’ ಎಂದು ಸುಮ್ಮನಾಗಬೇಡಿ.

‘ಚಟಪಟ’ ಪರೀಕ್ಷೆ ನಿಜವೇ?

ಬಿಸಿ ಹೆಂಚಿನ ಮೇಲೆ ಆಯಿಲ್ ಹನಿ ಹಾಕಿದರೆ ನೀರಿದೆಯೋ ಇಲ್ಲವೋ ತಿಳಿಯುತ್ತದೆ ಎಂಬ ಮಾತು ನಿಜ. ಒಗ್ಗರಣೆಗೆ ಕಾದ ಎಣ್ಣೆಗೆ ಒದ್ದೆ ಕರಿಬೇವು ಬಿದ್ದಾಗ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ನೀರು ತಟ್ಟನೆ ಆವಿಯಾಗಿ ಚಟಪಟ ಸಿಡಿಯುತ್ತದೆ. ಆಯಿಲ್ ಪರೀಕ್ಷೆ ಮಾಡುವವರು ಸುಮಾರು 150–160 ಡಿಗ್ರಿ ಕಾದ ತಟ್ಟೆಯ ಮೇಲೆ ಒಂದೆರಡು ಹನಿ ಹಾಕಿ ನೋಡುತ್ತಾರೆ. ಆಯಿಲ್‌ನಲ್ಲಿ ನೀರು ಸುಮಾರು ಶೇ 0.1ರಷ್ಟಿದ್ದರೆ ಸಾಕು, ಗುಳ್ಳೆ ಎದ್ದು ಸಿಡಿಯುತ್ತದೆ.

ಆದರೆ ಮೂರು ಎಚ್ಚರಿಕೆಗಳಿವೆ. ರೊಟ್ಟಿ ಹೆಂಚು ಬಳಸಬೇಡಿ, ಮತ್ತೆ ಅಡುಗೆಗೆ ಬಳಸುವ ಯಾವ ಪಾತ್ರೆಯೂ ಬೇಡ. ಕಣ್ಣಿಗೆ ಕನ್ನಡಕ ಇರಲಿ, ಹನಿಗಿಂತ ಹೆಚ್ಚು ಹಾಕಬೇಡಿ, ಆವಿ ಮೂಸಬೇಡಿ. ಮೂರನೆಯದು ಮುಖ್ಯ. ಚಟಪಟ ಎನ್ನಲಿಲ್ಲ ಎಂದ ಮಾತ್ರಕ್ಕೆ ಕೂಲಂಟ್ ಸೇರಿಲ್ಲ ಎಂದು ಹೇಳಲಾಗದು. ಬಿಸಿ ಎಂಜಿನ್‌ನಲ್ಲಿ ಕೂಲಂಟ್‌ನ ನೀರಿನ ಭಾಗ ಆವಿಯಾಗಿ ಹೋಗಿ, ಅದರಲ್ಲಿನ ಗ್ಲೈಕಾಲ್ ಆಯಿಲ್‌ನಲ್ಲೇ ಉಳಿದಿರಬಹುದು. ಹಾಗೆಯೇ ಚಟಪಟ ಎಂದರೆ ನೀರಿದೆ ಎಂದಷ್ಟೇ ತಿಳಿಯುತ್ತದೆ, ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಕೂಲಂಟ್ ಸಿಹಿಯಾಗಿರುತ್ತದೆ ಎಂದು ನಾಲಿಗೆಗೆ ತಾಗಿಸಿ ನೋಡಬೇಡಿ. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ವಿಷ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ತೆಗೆದ ಕೂಲಂಟನ್ನು ಮಕ್ಕಳು, ನಾಯಿ, ದನಗಳು ಮುಟ್ಟುವಂತೆ ತೆರೆದಿಡಬೇಡಿ.

ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

ಎಂಜಿನ್ ಬಿಚ್ಚುವ ಮೊದಲು ರೋಗ ಖಚಿತವಾಗಬೇಕು. ‘ಹೆಡ್ ಇಳಿಸಬೇಕು’ ಎಂದು ಮಿಸ್ತ್ರಿ ಹೇಳಿದರೆ, ‘ಯಾವ ಪರೀಕ್ಷೆ ಮಾಡಿದಿರಿ?’ ಎಂದು ಮರ್ಯಾದೆಯಿಂದಲೇ ಕೇಳಿ. ಸಾಮಾನ್ಯವಾಗಿ ಮೂರು ಪರೀಕ್ಷೆಗಳಿವೆ.

ಪ್ರೆಶರ್ ಪರೀಕ್ಷೆ: ತಣ್ಣಗಿರುವ ರೇಡಿಯೇಟರ್‌ಗೆ ಕೈಪಂಪಿನಿಂದ, ಅದರ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಬಿಡುತ್ತಾರೆ. ಮುಳ್ಳು ಇಳಿಯುತ್ತಾ ಹೋಗಿ, ಹೊರಗೆ ಎಲ್ಲೂ ಸೋರದಿದ್ದರೆ ಒಳಗೆ ಸೋರುತ್ತಿದೆ.

ಬಣ್ಣ ಬದಲಾಗುವ ದ್ರವ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರ್‌ನ ಹೊಗೆ ಕೂಲಂಟ್‌ಗೆ ನುಗ್ಗುತ್ತಿದ್ದರೆ ಅದರ ಇಂಗಾಲದ ಡೈಆಕ್ಸೈಡ್‌ನಿಂದ ದ್ರವ ಹಳದಿಯಾಗುತ್ತದೆ.

ಕಂಪ್ರೆಷನ್ ಪರೀಕ್ಷೆ: ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುತ್ತಾರೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬಲವಾಗುತ್ತದೆ.

ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಆ ಹೊಗೆಯಲ್ಲಿ ಸಿಹಿ ವಾಸನೆ, ಕೂಲಂಟ್ ಡಬ್ಬಿಯಲ್ಲಿ ನಿರಂತರ ಗುಳ್ಳೆ, ಮತ್ತೆ ಮತ್ತೆ ಏರುವ ಟೆಂಪರೇಚರ್ ಮುಳ್ಳು ಕೂಡ ಗ್ಯಾಸ್ಕೆಟ್ ಕಡೆಗೇ ಬೆರಳು ತೋರುತ್ತವೆ. ಆಯಿಲ್ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಗ್ಯಾಸ್ಕೆಟ್ ಚೆನ್ನಾಗಿದೆ ಎನ್ನಲಾಗದು. ಕೂಲಂಟ್ ಆಯಿಲ್‌ಗೆ ಹೋಗದೆ ಸಿಲಿಂಡರ್‌ಗೆ ಹೋಗಿ ಸೈಲೆನ್ಸರ್‌ನಲ್ಲಿ ಹೊರಬರುತ್ತಿರಬಹುದು.

ಸ್ವಲ್ಪ ನೀರಿದ್ದರೆ ಏನಾಗುತ್ತದೆ?

ಆಯಿಲ್‌ನ ಕೆಲಸ ಲೋಹಕ್ಕೆ ಲೋಹ ತಾಗದಂತೆ ನಡುವೆ ತೆಳು ಪದರವಾಗಿ ನಿಲ್ಲುವುದು. ನೀರು ಆ ಭಾರ ಹೊರಲಾರದು, ಪದರ ಹರಿಯುತ್ತದೆ. ಕ್ರ್ಯಾಂಕ್ ಬೇರಿಂಗ್‌ಗಳು ಸವೆಯುತ್ತವೆ. ಗ್ಲೈಕಾಲ್ ಇದ್ದರೆ ಇನ್ನೂ ಕೆಟ್ಟದ್ದು. ಬಿಸಿಗೆ ಅದು ಆಮ್ಲವಾಗಿ ಬೇರಿಂಗ್ ಲೋಹವನ್ನು ತಿನ್ನುತ್ತದೆ, ಆಯಿಲನ್ನು ಗಟ್ಟಿ ಕೆಸರಾಗಿಸಿ ಫಿಲ್ಟರ್ ಕಟ್ಟುತ್ತದೆ. ಆದ್ದರಿಂದ ‘ಆಯಿಲ್ ಬದಲಿಸಿದರೆ ಸರಿಹೋಗುತ್ತದೆ’ ಎಂಬುದು ಸೋರುವ ಮಾಳಿಗೆಯಡಿ ನೆಲ ಒರೆಸಿದಂತೆ. ಮೊದಲು ಸೋರಿಕೆ ನಿಲ್ಲಬೇಕು, ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಾಗಬೇಕು. ಒಳಗಿನ ಶೇಷ ಹೋಗಲು ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸಬೇಕಾಗಬಹುದು.

ಬೋರ್‌ವೆಲ್ ನೀರು, ಅರಿಶಿನ ಪುಡಿ

ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಗೊತ್ತಿರುವ ವಿಷಯ. ಎಂಜಿನ್‌ಗೆ ಕಾಟ ಕೊಡುವುದು ಅದಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಶಾಖ ಹೊರಹೋಗುವುದಿಲ್ಲ, ಎಂಜಿನ್ ಕಾಯುತ್ತದೆ, ಹೆಡ್ ಸೊಟ್ಟಗಾಗುತ್ತದೆ. ಬರೀ ನೀರಿನಲ್ಲಿ ತುಕ್ಕು ತಡೆಯುವ ಪದಾರ್ಥವೂ ಇರುವುದಿಲ್ಲ. ಕೂಲಂಟ್ ನಮ್ಮ ಸೀಮೆಗೆ ಬೇಡ, ಅದು ಹಿಮ ಬೀಳುವ ಊರಿಗೆ ಎಂಬುದು ತಪ್ಪು ತಿಳಿವಳಿಕೆ. ಅದು ಕುದಿಯುವ ಬಿಂದುವನ್ನೂ ಏರಿಸುತ್ತದೆ. ತುರ್ತಿಗೆ ನೀರು ಹಾಕಿ ಊರು ಸೇರಬಹುದು, ಆಮೇಲೆ ಅದನ್ನು ತೆಗೆದು ಸರಿಯಾದ ಕೂಲಂಟ್ ಹಾಕಿಸಿ.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವ ಹಳೆಯ ಉಪಾಯವೂ ಫಾರ್ವರ್ಡ್ ಆಗುತ್ತಿರುತ್ತದೆ. ಪುಡಿ ಉಬ್ಬಿ ಸೂಜಿ ಮೊನೆಯಷ್ಟು ತೂತನ್ನು ತಾತ್ಕಾಲಿಕವಾಗಿ ಮುಚ್ಚಬಹುದು. ಆದರೆ ಅದೇ ಪುಡಿ ಒಳ್ಳೆಯ ಕೊಳವೆಗಳನ್ನೂ ಕಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ ಸೋರಿಕೆಗೆ ಅದು ಔಷಧಿಯೇ ಅಲ್ಲ.

ಪ್ರವಾಹದ ನೀರು ಹೊಕ್ಕರೆ

2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಬಿಟ್ಟ ನೀರಿನಿಂದ ಕೃಷ್ಣಾ ತೀರ, 2020ರ ಅಕ್ಟೋಬರ್‌ನಲ್ಲಿ ಭೀಮಾ ತೀರ ಜಲಾವೃತವಾದದ್ದು ಇಲ್ಲಿಯವರಿಗೆ ನೆನಪಿದೆ. ನಿಂತ ಗಾಡಿ ಮುಳುಗಿದ್ದರೆ ‘ನಡೆಯುತ್ತದೋ ನೋಡೋಣ’ ಎಂದು ಕೀಲಿ ತಿರುಗಿಸಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರ್‌ನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ, ಆಯಿಲ್ ಮತ್ತು ಏರ್ ಫಿಲ್ಟರ್ ಪರೀಕ್ಷಿಸಿ, ಸಿಲಿಂಡರ್ ನೀರು ತೆಗೆಸಿದರೆ ಎಂಜಿನ್ ಉಳಿಯಬಹುದು. ನೀರು ತುಂಬಿ ಎಂಜಿನ್ ಮುರಿದದ್ದಕ್ಕೆ ಸಾಮಾನ್ಯ ವಿಮೆಯಲ್ಲಿ ಹೆಚ್ಚಾಗಿ ಪರಿಹಾರ ಸಿಗುವುದಿಲ್ಲ, ಅದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಸೌಲಭ್ಯ ಇರಬೇಕು. ನಿಮ್ಮ ಪಾಲಿಸಿಯಲ್ಲಿ ಇದೆಯೇ ಎಂದು ಮಳೆಗಾಲಕ್ಕೆ ಮುನ್ನವೇ ನೋಡಿಕೊಳ್ಳಿ.

ಒಟ್ಟಿನಲ್ಲಿ

ಮುಚ್ಚಳದ ನೊರೆ ಒಂದು ಸುಳಿವು, ತೀರ್ಪಲ್ಲ. ತೀರ್ಪು ಹೇಳುವುದು ಗೇಜ್ ಕಡ್ಡಿ, ಕೂಲಂಟ್ ಡಬ್ಬಿಯ ಗೆರೆ ಮತ್ತು ಗ್ಯಾರೇಜ್‌ನ ಪರೀಕ್ಷೆ. ಕಡ್ಡಿ ಸ್ವಚ್ಛವಿದ್ದು ಗೆರೆ ಇಳಿಯದಿದ್ದರೆ ಹೆದರಬೇಡಿ, ವಾರಕ್ಕೊಮ್ಮೆ ದೂರ ಓಡಿಸಿ. ಕಡ್ಡಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸುರಪುರದಿಂದ ಶಹಾಪುರದವರೆಗೂ ಓಡಿಸಬೇಡಿ, ಮಿಸ್ತ್ರಿಯನ್ನು ಗಾಡಿ ಇರುವಲ್ಲಿಗೇ ಕರೆಸಿ. ಮುಂದಿನ ಸಲ ಅಂಥ ವಿಡಿಯೊ ಬಂದರೆ, ಕಳುಹಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ‘ಕಡ್ಡಿ ತೆಗೆದು ನೋಡಿದಿರಾ?’