ಅಟ್ಟದ ಮೇಲಿನ ದನಿಗಳು

ಮನೆಯೆಂದ ಮೇಲೆ ಅಟ್ಟವೊಂದಿರುವುದು. ಅಟ್ಟವೆಂದ ಮೇಲೆ ಅಲ್ಲಿ ಯಾರೂ ಬಳಸದ, ಆದರೆ ಯಾರೂ ಎಸೆಯಲೊಲ್ಲದ ವಸ್ತುಗಳಿರುವವು. ಬಬಲೇಶ್ವರದಲ್ಲಿರುವ ನಮ್ಮ ಹಿರಿಯರ ಮನೆಯಲ್ಲಿ ದೀಪಾವಳಿಯ ಸುಣ್ಣ ಬಳಿಯುವ ಕಾಲಕ್ಕೆ ತಗಡಿನ ಪೆಟ್ಟಿಗೆಯೊಂದು ಅಟ್ಟದಿಂದ ಕೆಳಗಿಳಿಯಿತು. ಅದರೊಳಗೆ ಧೂಳು ಹಿಡಿದ ನಲವತ್ತೊಂದು ಗ್ರಾಮೊಫೋನ್ ತಟ್ಟೆಗಳಿದ್ದವು. ಗುಜರಿಯವನು ಬಾಗಿಲಲ್ಲಿಯೇ ನಿಂತಿದ್ದನು. ಹಾಡಿಸುವ ಯಂತ್ರವೇ ಇಲ್ಲದ ಮೇಲೆ ತಟ್ಟೆಗಳೇತಕ್ಕೆ ಎಂಬ ಅವನ ಮಾತು ನ್ಯಾಯವಾಗಿಯೇ ತೋರಿತು. ಎಣಿಸಿ ಕೊಡೋಣವೆಂದು ಮೇಲಿನದೊಂದನ್ನು ಎತ್ತಿದೆವು. ಅದು ಕೈಜಾರಿ ಹಾಸುಗಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ಹೋಳಿನ ಮೇಲಿನ ಚೀಟಿಯಲ್ಲಿ ‘ಅಮೀರ್‌ಬಾಯಿ’ ಎಂಬಷ್ಟನ್ನು ಮಾತ್ರ ಓದಬಹುದಾಗಿತ್ತು. ಗುಜರಿಯವನನ್ನು ಬರಿಗೈಯಲ್ಲಿ ಕಳುಹಿಸಿದೆವು.

ಅಮೀರ್‌ಬಾಯಿ ಕರ್ನಾಟಕಿಯವರು ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಹುಟ್ಟಿದವರು. ೧೯೪೩ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರ ಕಂಠವು ಇಡೀ ದೇಶಕ್ಕೆ ಪರಿಚಿತವಾಯಿತು. ೧೯೬೫ರಲ್ಲಿ ಅವರು ತೀರಿಕೊಂಡರು. ನೆರೆಯೂರಿನ ಹೆಣ್ಣುಮಗಳ ದನಿಯೊಂದು ನಮ್ಮ ಅಟ್ಟದ ಮೇಲೆ ಇಷ್ಟು ವರ್ಷ ಇದ್ದಿತು. ನಾವು ಅದನ್ನು ಒಮ್ಮೆಯೂ ಕೇಳದೆ ಒಡೆದೆವು. ಧ್ವನಿಮುದ್ರಿಕೆಗಳನ್ನು ಕೂಡಿಡುವವರ ವಿಷಯವಾಗಿ ಎರಡು ಮಾತು ಬರೆಯಲು ನಮ್ಮನ್ನು ಪ್ರೇರಿಸಿದುದು ಈ ನಾಚಿಕೆಯೇ.

ಈ ತಟ್ಟೆಯೆಂಬುದಾದರೂ ಏನು? ನಮ್ಮ ದೇಶದ ಕಾಡುಮರಗಳಲ್ಲಿ ಸಣ್ಣ ಹುಳವೊಂದು ಸ್ರವಿಸುವ ಅರಗೇ ಇದರ ಜೀವಾಳ. ಅರಗಿಗೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ, ಕಾಯಿಸಿ ಒತ್ತಿದರೆ ತಟ್ಟೆಯಾಗುತ್ತದೆ. ಮೊದಮೊದಲು ನಮ್ಮ ಅರಗು ಹಡಗೇರಿ ಜರ್ಮನಿಗೆ ಹೋಗಿ, ನಮ್ಮ ಗಾಯಕರ ದನಿಯನ್ನು ಹೊತ್ತು ಹಿಂದಿರುಗುತ್ತಿದ್ದಿತು. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡರು. ೧೯೦೮ರಲ್ಲಿ ತಟ್ಟೆಗಳನ್ನು ಒತ್ತುವ ಕಾರ್ಖಾನೆಯೂ ಅಲ್ಲಿಯೇ ಆಯಿತು. ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷದ ಗಾಯನವಷ್ಟೇ ಹಿಡಿಯುತ್ತದೆ. ಇಡೀ ರಾತ್ರಿ ಹಾಡಬಲ್ಲವರು ಒಂದು ರಾಗದ ಸಾರವನ್ನು ಮೂರು ನಿಮಿಷಕ್ಕೆ ಇಳಿಸಬೇಕಾಯಿತು.

ಮೂರು ನಿಮಿಷವೆಂದರೆ ಅಲ್ಪವೆಂದು ತೋರಬಹುದು. ಆದರೆ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನನ್ನು ನೆನೆಯಬೇಕು. ೧೫೮೦ರಿಂದ ೧೬೨೭ರವರೆಗೆ ಆಳಿದ ಆ ಸುಲ್ತಾನನು ‘ಕಿತಾಬ್-ಎ-ನೌರಸ್’ ಎಂಬ ಗೀತಗಳ ಪುಸ್ತಕವನ್ನೇ ರಚಿಸಿದನು, ತನ್ನ ತಂಬೂರಿಗೆ ‘ಮೋತಿಖಾನ’ನೆಂದು ಹೆಸರಿಟ್ಟು ಮುದ್ದಿಸಿದನು, ತೊರವಿಯ ಬಳಿ ನೌರಸಪುರವನ್ನು ಕಟ್ಟಿಸಲು ತೊಡಗಿದನು. ಪುಸ್ತಕವು ಉಳಿದಿದೆ, ಪಾಳುಗೋಡೆಗಳು ಉಳಿದಿವೆ. ಅವನ ಆಸ್ಥಾನದ ಒಂದು ಸ್ವರವಾದರೂ ಉಳಿಯಲಿಲ್ಲ. ಸುಲ್ತಾನನಿಗೂ ಒದಗದಿದ್ದ ಭಾಗ್ಯವು ನಮ್ಮ ಅಜ್ಜಂದಿರ ತಗಡಿನ ಪೆಟ್ಟಿಗೆಗೆ ಒದಗಿದ್ದಿತು.

ಕೂಡಿಡುವುದೊಂದು, ಕೇಳುವುದೊಂದು. ತಟ್ಟೆಗಳ ಸಂಖ್ಯೆಯಿಂದ ರಸಿಕತೆಯನ್ನು ಅಳೆಯಲಾಗದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ನಿದರ್ಶನಗಳಿವೆ. ಒಬ್ಬನು ಸ್ವಂತ ತಟ್ಟೆಯಿಲ್ಲದ ಹುಡುಗ, ಇನ್ನೊಬ್ಬರು ಕೋಣೆ ತುಂಬ ತಟ್ಟೆಗಳಿದ್ದ ಅರಸರು.

ಗದಗಿನಲ್ಲಿದ್ದ ಹುಡುಗನೊಬ್ಬನು ಪರರ ಗ್ರಾಮೊಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮರಿಯೊಂದನ್ನು ಕೇಳಿದನು. ಅದು ಝಿಂಝೋಟಿ ರಾಗದ್ದು. ತಾನೂ ಹಾಗೆ ಹಾಡಬೇಕೆಂಬ ಹಂಬಲವು ಹುಡುಗನನ್ನು ಮನೆಯಲ್ಲಿ ಇರಗೊಡಲಿಲ್ಲ. ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನರಸಿ ಅವನು ಮನೆ ಬಿಟ್ಟನು. ಉತ್ತರದ ಊರುಗಳನ್ನೆಲ್ಲ ಅಲೆದು ಬಂದ ಮೇಲೆ, ಅದೇ ಖಾನಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರು ಕುಂದಗೋಳದಲ್ಲಿ ಅವನಿಗೆ ಗುರುಗಳಾಗಿ ದೊರೆತರು. ಆ ಹುಡುಗನೇ ಪಂಡಿತ ಭೀಮಸೇನ ಜೋಶಿ. ಮೂರು ನಿಮಿಷದ ತಟ್ಟೆಯು ಅವರಿಗೆ ಬಾಳಿನ ದಾರಿಯನ್ನೇ ತೋರಿಸಿಕೊಟ್ಟಿತು.

ಇನ್ನು ಅರಸರ ಮಾತು. ೧೯೪೦ರಲ್ಲಿ ಮೈಸೂರಿನ ಪಟ್ಟವೇರಿದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ವಿಧಿವತ್ತಾಗಿ ಕಲಿತಿದ್ದರು. ಪಿಯಾನೊ ವಾದಕರಾಗಬೇಕೆಂಬ ಆಸೆಯಿದ್ದ ತರುಣರಿಗೆ, ಅದೇ ವರ್ಷ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡುದರಿಂದ ಸಿಂಹಾಸನವು ಕಟ್ಟಾಯಿತು. ನುಡಿಸಲಾಗದುದನ್ನು ಅವರು ಕೇಳತೊಡಗಿದರು. ಅರಮನೆಯಲ್ಲಿ ಬೆಳೆದ ತಟ್ಟೆಗಳ ಭಂಡಾರವು ಎಂತಹುದೆಂದರೆ, ೧೯೪೯ರಲ್ಲಿ ಮೈಸೂರಿಗೆ ಬಂದ ಲಂಡನ್ನಿನ ಧ್ವನಿಮುದ್ರಣ ನಿಪುಣ ವಾಲ್ಟರ್ ಲೆಗ್ ಅದನ್ನು ಕಂಡು ಬೆರಗಾದನು.

ಭಂಡಾರವು ದೊಡ್ಡದೆಂಬ ಕಾರಣಕ್ಕೆ ಅರಸರ ಹೆಸರನ್ನು ನಾವು ಎತ್ತಿಕೊಂಡುದಲ್ಲ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರರು ತಾಯ್ನಾಡನ್ನು ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿದ್ದಿತು, ಎದೆಯ ಬೇನೆಯಿದ್ದಿತು, ಅವರ ಕೃತಿಗಳನ್ನು ಕೇಳುವವರು ಕೆಲವರೇ. ತಮಗೆ ಬೇಕಾದ ಮೆಟ್ನರರ ಕೃತಿಗಳು ಮುದ್ರಿಕೆಯಲ್ಲಿ ದೊರೆಯವೆಂಬುದನ್ನು ಕಂಡ ಮಹಾರಾಜರು, ಮುದ್ರಿಸುವುದಕ್ಕಾಗಿಯೇ ‘ಮೆಟ್ನರ್ ಸೊಸೈಟಿ’ಯನ್ನು ತಮ್ಮ ವೆಚ್ಚದಿಂದ ಏರ್ಪಡಿಸಿದರು. ೧೯೪೭ರಿಂದ ಮುಂದಕ್ಕೆ, ವೃದ್ಧ ಮೆಟ್ನರರು ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತಮ್ಮ ಮೂರೂ ಪಿಯಾನೊ ಕನ್ಚೆರ್ಟೊಗಳನ್ನು ಸ್ವತಃ ನುಡಿಸಿ ಮುದ್ರಿಸಿದರು. ಅನೇಕ ಬಿಡಿ ಕೃತಿಗಳನ್ನೂ ಗೀತಗಳನ್ನೂ ಮುದ್ರಿಸಿದರು. ಅರ್ಧ ಗಂಟೆಗೂ ಮಿಕ್ಕ ಕೃತಿಯೊಂದನ್ನು ನಾಲ್ಕು ನಾಲ್ಕು ನಿಮಿಷಗಳಾಗಿ ಕಡಿದು ತಟ್ಟೆಗಳಿಗೆ ತುಂಬಬೇಕಾಗಿದ್ದ ಕಾಲವದು. ಮೂರನೆಯ ಕನ್ಚೆರ್ಟೊವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ೧೯೫೧ರಲ್ಲಿ ಮೆಟ್ನರರು ತೀರಿಕೊಂಡರು. ಅವರ ಬೆರಳುಗಳ ದನಿಯನ್ನು ಇಂದಿಗೂ ಕೇಳಬಹುದು.

೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತಗಳನ್ನು ಕರ್‌ಸ್ಟೆನ್ ಫ್ಲಾಗ್‌ಸ್ಟಡ್ ಎಂಬ ಗಾಯಕಿಯು ಮೊದಲ ಬಾರಿಗೆ ಹಾಡಿದಾಗಲೂ, ಕಚೇರಿಯ ವೆಚ್ಚಕ್ಕೆ ಹೊಣೆ ನಿಂತವರು ಇದೇ ಮಹಾರಾಜರು. ಮಸುಕಾದರೂ ಆ ರಾತ್ರಿಯ ಮುದ್ರಿಕೆಯು ಉಳಿದುಬಂದಿದೆ.

ಅರಸರು ಪರದೇಶದ ಸಂಗೀತಕ್ಕೆ ಹಣ ಸುರಿದುದು ಸರಿಯೇ ಎಂದು ವಾಚಕರು ಕೇಳಬಹುದು. ‘ಶ್ರೀವಿದ್ಯಾ’ ಎಂಬ ಅಂಕಿತದಿಂದ ತೊಂಬತ್ತನಾಲ್ಕು ಕರ್ನಾಟಕ ಕೀರ್ತನೆಗಳನ್ನು ರಚಿಸಿದವರೂ ಅವರೇ ಎಂಬುದನ್ನು ನೆನಪಿಸಿದರೆ ಸಾಕು. ಕೇಳಿದವನು ಹಾಡಿದವರಿಗೆ ಋಣಿಯೆಂಬುದನ್ನು ಅವರು ಬಲ್ಲವರಾಗಿದ್ದರು. ಗದಗಿನ ಹುಡುಗನು ಆ ಋಣವನ್ನು ಹಾಡಿ ತೀರಿಸಿದನು. ಅರಸರು ಹಾಡಿಸಿ ತೀರಿಸಿದರು. ಕಂಠವಾಗಲಿ ಬೊಕ್ಕಸವಾಗಲಿ ಇಲ್ಲದ ನಮ್ಮಂಥವರು ತೀರಿಸುವ ಬಗೆ ಯಾವುದು?

ನಮಗೆ ತಿಳಿದ ಬಗೆಯನ್ನು ಹೇಳುವೆವು. ವಿಜಾಪುರದ ಮಿತ್ರರೊಬ್ಬರಿಂದ ಕೀಲಿ ಕೊಡುವ ಗ್ರಾಮೊಫೋನೊಂದನ್ನು ಎರವಲು ತಂದು, ಆದಿತ್ಯವಾರದ ಸಂಜೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತು ಕೇಳತೊಡಗಿದೆವು. ಸಂಜೆಗೆ ಎರಡೇ ತಟ್ಟೆ, ಒಂದೊಂದು ಮಗ್ಗುಲನ್ನೂ ಎರಡು ಬಾರಿ, ನಡುವೆ ಮಾತು. ಮೊದಲ ಬಾರಿಗೆ ಮಕ್ಕಳಿಗೆ ಕೇಳಿಸಿದುದು ಬರಿಯ ಕರಕರ ಸದ್ದು. ಎರಡನೆಯ ಬಾರಿಗೆ ಹಾಡು ಕೇಳಿಸಿತು. ಒಂದು ಚೀಟಿಯಲ್ಲಿ ‘ಗಾಂಧಾರಿ’ ಎಂದಿದ್ದಿತು. ಇದಾರೆಂದು ಮಕ್ಕಳು ಕೇಳಲು, ತೊಂಬತ್ತು ದಾಟಿದ ನಮ್ಮ ಸೋದರತ್ತೆಯವರು ನಕ್ಕು, “ನಮ್ಮ ಹಾನಗಲ್ಲ ಗಂಗೂಬಾಯಿನs ಅಕಿ” ಎಂದರು. ಗಂಗೂಬಾಯಿಯವರ ಮೊದಲ ತಟ್ಟೆಗಳು ಆ ಹೆಸರಿನಿಂದಲೇ ಹೊರಟವೆಂಬುದು ನಿಜ. ಯಾವ ತಟ್ಟೆಯನ್ನು ಯಾವ ಸುಗ್ಗಿಯ ಹಣದಲ್ಲಿ ಕೊಂಡರು, ಯಾವುದನ್ನು ಹಾಕಿದರೆ ಅಜ್ಜನವರು ಮುನಿಯುತ್ತಿದ್ದರು, ಯಾವುದನ್ನು ಕೇಳಲು ಓಣಿಯವರು ಕಟ್ಟೆಯ ಮೇಲೆ ನೆರೆಯುತ್ತಿದ್ದರು, ಎಲ್ಲವನ್ನೂ ಅತ್ತೆಯವರು ಹೇಳುವರು. ನಾವು ಪುಸ್ತಕದಲ್ಲಿ ಬರೆದುಕೊಳ್ಳುವೆವು.

ಹದಿನೇಳು ತಟ್ಟೆಗಳ ಕಥೆ ಹೀಗೆ ಬರೆದಾಯಿತು. ಸುಗ್ಗಿಯ ಕೆಲಸವೆಂದು ನಾವು ಮೂರು ವಾರ ಬಿಡುವು ಮಾಡಿಕೊಂಡೆವು. ಅಷ್ಟರಲ್ಲಿ ಅತ್ತೆಯವರು ತೀರಿಕೊಂಡರು. ಉಳಿದ ತಟ್ಟೆಗಳು ಈಗಲೂ ಹಾಡುತ್ತವೆ. ಅವುಗಳ ಕಥೆಯನ್ನು ಹೇಳುವವರಿಲ್ಲ. ಒಡೆದ ತಟ್ಟೆಯ ಜೊತೆಯದು ಬೇರೆ ಯಾರ ಮನೆಯಲ್ಲಾದರೂ ಸಿಕ್ಕೀತು; ಇದು ಇನ್ನೆಲ್ಲಿಯೂ ಸಿಕ್ಕದು.

ಆದಕಾರಣ ಅಟ್ಟದ ಮೇಲೆ ತಟ್ಟೆಗಳುಳ್ಳ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿರಿ. ಬಿಸಿಲಿಗಾಗಲಿ ಒಲೆಯ ಬಳಿಯಾಗಲಿ ಇಡಬೇಡಿರಿ, ಅರಗು ಬಾಗುವುದು. ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಿರಿ. ಸ್ಪಿರಿಟನ್ನು ಎಂದಿಗೂ ಸೋಕಿಸಬೇಡಿರಿ, ಅರಗು ಅದರಲ್ಲಿ ಕರಗುವುದು. ಹಳೆಯ ಯಂತ್ರದ ಉಕ್ಕಿನ ಮುಳ್ಳನ್ನು ಮಗ್ಗುಲಿಗೊಮ್ಮೆ ಬದಲಿಸಿರಿ. ಹೊಸ ಯಂತ್ರವಾದರೆ, ಲಾಂಗ್‌ಪ್ಲೇ ತಟ್ಟೆಯ ಸಣ್ಣ ಮುಳ್ಳನ್ನು ಇವುಗಳ ಅಗಲ ಗೆರೆಗೆ ಹಾಕದಿರಿ. ಬಲ್ಲವರಿಂದ ಒಮ್ಮೆ ಗಣಕಯಂತ್ರಕ್ಕೆ ಇಳಿಸಿಕೊಂಡರೆ ದಿನವೂ ಕೇಳಬಹುದು, ತಟ್ಟೆಯೂ ಸವೆಯದು. ಚೀಟಿಯ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಬರೆದಿಡಿರಿ.

ಈ ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿರಿ. ಸುಗ್ಗಿಯ ನೆವದಿಂದ ಮುಂದಕ್ಕೆ ಹಾಕಬೇಡಿರಿ. ನಮ್ಮ ಪುಸ್ತಕದಲ್ಲಿ ಹದಿನೇಳರ ಮುಂದಿನ ಹಾಳೆಗಳು ಬರಿದಾಗಿಯೇ ಇವೆ.