ಸೊರಬ ಕ್ಷೇತ್ರ: ಗೆದ್ದವರು, ಸೋತವರು, ಮತ ಹಾಕಿದವರು



2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಬೈಂದೂರು ಕಡೆಯ ಹಿರಿಯರೊಬ್ಬರು ನಮ್ಮನ್ನು ಕೇಳಿದ್ದರು: "ಫಾದರ್, ನಾವಿರುವುದು ಉಡುಪಿ ಜಿಲ್ಲೆಯಲ್ಲಿ. ವೋಟು ಹಾಕುವುದು ಶಿವಮೊಗ್ಗಕ್ಕೆ. ಅಲ್ಲಿ ಯಾವಾಗ ನೋಡಿದರೂ ಎರಡೇ ಮನೆಯವರ ಸ್ಪರ್ಧೆ. ಇದೇನು ಕತೆ?" ಆ ದಿನ ನಾವು ಎರಡು ಮಾತಿನಲ್ಲಿ ಉತ್ತರಿಸಿ ಸುಮ್ಮನಾದೆವು. ಆದರೆ ಪ್ರಶ್ನೆ ಒಳ್ಳೆಯದು. ಘಟ್ಟದ ಮೇಲಿನ ಆ ಎರಡು ಮನೆಗಳ ಕತೆ ತಿಳಿಯಬೇಕಾದರೆ ಸೊರಬ ಮತ್ತು ಶಿಕಾರಿಪುರ ಎಂಬ ಅಕ್ಕಪಕ್ಕದ ಎರಡು ವಿಧಾನಸಭಾ ಕ್ಷೇತ್ರಗಳನ್ನು ನೋಡಬೇಕು. ಅದರಲ್ಲೂ ಸೊರಬವನ್ನು.

ಮೊದಲು ಲೆಕ್ಕದ ಮಾತು. ಕರ್ನಾಟಕದಲ್ಲಿ ಚುನಾಯಿತ ಶಾಸಕರು 224, ಲೋಕಸಭಾ ಸದಸ್ಯರು 28. ಆದುದರಿಂದ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು. 2001ರ ಜನಗಣತಿಯ ಆಧಾರದಲ್ಲಿ ಗಡಿಗಳನ್ನು ಹೊಸದಾಗಿ ಗುರುತಿಸಿದಾಗ ಹಳೆಯ ಹೊಸನಗರ ಕ್ಷೇತ್ರ ಇಲ್ಲವಾಯಿತು, ಶಿವಮೊಗ್ಗ ಗ್ರಾಮಾಂತರ ಹೊಸದಾಗಿ ಬಂತು. ಈ ಗಡಿಗಳ ಮೇಲೆ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು 2008ರಲ್ಲಿ. ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಎಂಟನೆಯದಾಗಿ ಸೇರಿದ್ದು ನಮ್ಮ ಬೈಂದೂರು. 2009ರ ಲೋಕಸಭಾ ಚುನಾವಣೆಯಿಂದ ಕೊಲ್ಲೂರಿನವರೂ ಸೊರಬದವರೂ ಒಂದೇ ಸಂಸದನಿಗೆ ಮತ ಹಾಕುತ್ತಿದ್ದಾರೆ. ನಡುವೆ ಘಟ್ಟವಿದೆ ಎಂಬುದನ್ನು ಗಡಿ ಗುರುತಿಸಿದವರು ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಸೊರಬ ಮಲೆನಾಡಿನ ಅಂಚಿನ ತಾಲ್ಲೂಕು. ವರದಾ, ದಂಡಾವತಿ ನದಿಗಳು, ಭತ್ತದ ಗದ್ದೆಗಳು, ಅಡಿಕೆ ತೋಟ, ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು, ಗುಡವಿಯ ಪಕ್ಷಿಧಾಮ, ಚಂದ್ರಗುತ್ತಿ. ಇದೇ ತಾಲ್ಲೂಕಿನ ಹೊಸಬಾಳೆ ಎಂಬ ಸಣ್ಣ ಹಳ್ಳಿಯ ಹೆಸರು 2021ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಊರಿನ ದತ್ತಾತ್ರೇಯ ಹೊಸಬಾಳೆಯವರು ಆ ವರ್ಷ ಆರೆಸ್ಸೆಸ್ಸಿನ ಸರಕಾರ್ಯವಾಹರಾದರು. ಆದರೆ ವಿಧಾನಸಭೆಯ ಲೆಕ್ಕದಲ್ಲಿ ಸೊರಬವನ್ನು ಬಹುಕಾಲ ಆಳಿದ್ದು ಬೇರೆಯೇ ಒಂದು ಪರಂಪರೆ. ಅದರ ಬೇರು ಸಮಾಜವಾದಿ ಚಳವಳಿಯಲ್ಲಿದೆ.

1951ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ನಮ್ಮ ಕರಾವಳಿಯ ಬಿಲ್ಲವರಿಗೆ ಹತ್ತಿರದ ಸಮುದಾಯ. ಮರುವರ್ಷವೇ, 1952ರ ಮೊದಲ ಚುನಾವಣೆಯಲ್ಲಿ, ಆ ಹೋರಾಟದ ಮುಂದಾಳು ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. ಗದ್ದೆ ಉಳುವವನಿಗೆ ಗದ್ದೆಯ ಮೇಲೆ ಹಕ್ಕಿದೆಯೇ ಎಂಬ ಪ್ರಶ್ನೆ ಆ ಸೀಮೆಯ ರಾಜಕೀಯದ ಮೊದಲ ಪಾಠವಾಯಿತು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1974ರ ಭೂಸುಧಾರಣೆ ಕಾಯ್ದೆಯಿಂದ ಗದ್ದೆ ಪಡೆದವರೂ ಕಳೆದುಕೊಂಡವರೂ ನಮ್ಮ ಪ್ರತಿಯೊಂದು ವಾಳೆಯಲ್ಲೂ ಇದ್ದಾರೆ.

ಈ ಹಿನ್ನೆಲೆಯಿಂದ ಬಂದವರು ಸೊರಬ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪ. ದೀವರ ಸಮುದಾಯದವರು, ವಕೀಲರು. 1967ರಲ್ಲಿ ಸಮಾಜವಾದಿಯಾಗಿ ಸೊರಬದಿಂದ ಮೊದಲ ಬಾರಿ ಗೆದ್ದರು. ಆಮೇಲೆ 1972, 1978, 1983, 1985, 1989, 1994. ಒಟ್ಟು ಏಳು ಚುನಾವಣೆ, ಏಳರಲ್ಲೂ ಗೆಲುವು. ಅಭ್ಯರ್ಥಿ ಒಬ್ಬರೇ ಆದರೂ ಪಕ್ಷ ಒಂದೇ ಆಗಿರಲಿಲ್ಲ. 1967 ಮತ್ತು 72ರಲ್ಲಿ ಸಮಾಜವಾದಿ. 1978ರಲ್ಲಿ ದೇವರಾಜ ಅರಸರ ಜೊತೆಗೆ ಇಂದಿರಾ ಕಾಂಗ್ರೆಸ್. 1983ರಲ್ಲಿ ಕ್ರಾಂತಿರಂಗದ ನಾಯಕರಾಗಿ ಜನತಾ ಪಕ್ಷದ ಜೊತೆ. ಆ ಸಲ ಮುಖ್ಯಮಂತ್ರಿ ಸ್ಥಾನ ರಾಮಕೃಷ್ಣ ಹೆಗಡೆಯವರ ಪಾಲಾಯಿತು. 1985 ಮತ್ತು 89ರಲ್ಲಿ ಮತ್ತೆ ಕಾಂಗ್ರೆಸ್. 1994ರಲ್ಲಿ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ. ಅದು ರಾಜ್ಯದಲ್ಲಿ 10 ಸ್ಥಾನ ಗೆದ್ದಿತು. ಇಷ್ಟು ಸಲ ಚಿಹ್ನೆ ಬದಲಾದರೂ ಸೊರಬದ ಮತದಾರರು ಅವರ ಕೈಬಿಡಲಿಲ್ಲ. ಅವರು ಒತ್ತುತ್ತಿದ್ದ ಮುದ್ರೆ ಪಕ್ಷಕ್ಕಿಂತ ಹೆಚ್ಚಾಗಿ ಆ ಮನುಷ್ಯನಿಗೆ ಎಂದೇ ನಾವು ತಿಳಿಯಬೇಕಾಗುತ್ತದೆ.

1990ರ ಅಕ್ಟೋಬರ್ 17ರಿಂದ 1992ರ ನವೆಂಬರ್ 19ರವರೆಗೆ ಬಂಗಾರಪ್ಪನವರು ಮುಖ್ಯಮಂತ್ರಿ. ಅವರ ನಂತರ ಆ ಕುರ್ಚಿಗೆ ಬಂದವರು ನಮ್ಮ ಕಾರ್ಕಳದ ವೀರಪ್ಪ ಮೊಯಿಲಿ. ಎರಡು ವರ್ಷದ ಆ ಆಡಳಿತದ ಬಗ್ಗೆ ಟೀಕೆ ಬೇಕಾದಷ್ಟಿದೆ. ಆದರೆ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್, ಬಡವರ ಮನೆಗೆ ಆಶ್ರಯ, ಪೂಜಾಸ್ಥಳಗಳ ದುರಸ್ತಿಗೆ ಆರಾಧನಾ, ಹಳ್ಳಿಯ ಅಭ್ಯರ್ಥಿಗಳಿಗೆ ಗ್ರಾಮೀಣ ಕೃಪಾಂಕ ಎಂಬ ಹೆಸರುಗಳನ್ನು ಹಳ್ಳಿಯ ಜನ ಮರೆತಿಲ್ಲ. ಪಂಪ್‌ಸೆಟ್ಟಿನ ಬಿಲ್ಲು ಬಾರದಿದ್ದುದು ಯಾವ ಭಾಷಣಕ್ಕಿಂತಲೂ ಹೆಚ್ಚು ಮತ ತಂದಿರಬೇಕು.

1996ರಲ್ಲಿ ಅವರು ಶಿವಮೊಗ್ಗದಿಂದ ಲೋಕಸಭೆಗೆ ಹೋದರು. ತೆರವಾದ ಸೊರಬದಲ್ಲಿ ಉಪಚುನಾವಣೆ ನಡೆದು ಹಿರಿಯ ಮಗ, ಚಿತ್ರನಟ ಕುಮಾರ್ ಬಂಗಾರಪ್ಪ ಗೆದ್ದರು. 1999ರಲ್ಲೂ ಅವರೇ, ಕಾಂಗ್ರೆಸ್ಸಿನಿಂದ.

ವಿಚಿತ್ರವಾದದ್ದು 2004. ಆ ವರ್ಷ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಮತದಾನ. ತಂದೆ ಬಿಜೆಪಿ ಸೇರಿ ಲೋಕಸಭೆಗೆ ನಿಂತಿದ್ದರು. ಕಿರಿಯ ಮಗ ಮಧು ಬಂಗಾರಪ್ಪ ಸೊರಬದಲ್ಲಿ ಬಿಜೆಪಿ ಅಭ್ಯರ್ಥಿ. ಹಿರಿಯ ಮಗ ಕಾಂಗ್ರೆಸ್ಸಿನಲ್ಲೇ ಉಳಿದು ತಮ್ಮನ ಎದುರು ನಿಂತರು. ಫಲಿತಾಂಶ ಬಂದಾಗ ಶಿವಮೊಗ್ಗದಲ್ಲಿ ಕಮಲದ ಚಿಹ್ನೆಯ ತಂದೆ ಗೆದ್ದಿದ್ದರು, ಸೊರಬದಲ್ಲಿ ಹಸ್ತದ ಚಿಹ್ನೆಯ ಹಿರಿಯ ಮಗ ಗೆದ್ದಿದ್ದರು. ಮರುವರ್ಷ ತಂದೆ ಬಿಜೆಪಿ ಬಿಟ್ಟು, ಸಮಾಜವಾದಿ ಪಕ್ಷದಿಂದ ಉಪಚುನಾವಣೆಗೆ ನಿಂತು ಮತ್ತೆ ಗೆದ್ದರು.

ಅಲ್ಲಿಂದ ಮುಂದೆ ಸೊರಬದ ಕತೆ ತಿರುವು ಪಡೆಯುತ್ತದೆ. 2008ರಲ್ಲಿ ಕುಮಾರ್ ಕಾಂಗ್ರೆಸ್ಸಿನಿಂದ, ಮಧು ಸಮಾಜವಾದಿ ಪಕ್ಷದಿಂದ ನಿಂತರು. ಇಬ್ಬರನ್ನೂ ಸೋಲಿಸಿದವರು ಬಿಜೆಪಿಯ ಹರತಾಳು ಹಾಲಪ್ಪ. ತಮ್ಮ ಹೊಸನಗರ ಕ್ಷೇತ್ರವೇ ಇಲ್ಲವಾದುದರಿಂದ ಅವರು ಸೊರಬಕ್ಕೆ ಬಂದಿದ್ದರು. 1967ರ ನಂತರ ಆ ಮನೆಯ ಹೊರಗಿನವರೊಬ್ಬರು ಸೊರಬದ ಶಾಸಕರಾದದ್ದು ಅದೇ ಮೊದಲು, ಈವರೆಗೆ ಅದೇ ಕೊನೆ. 2013ರಲ್ಲಿ ಹಾಲಪ್ಪನವರು ಕೆಜೆಪಿಯಿಂದ ನಿಂತು ಸೋತರು, ಜೆಡಿಎಸ್‌ನ ಮಧು ಗೆದ್ದರು. 2018ರಲ್ಲಿ ಬಿಜೆಪಿ ಸೇರಿದ್ದ ಕುಮಾರ್ 13,286 ಮತಗಳಿಂದ ತಮ್ಮನನ್ನು ಸೋಲಿಸಿದರು. 2023ರಲ್ಲಿ ಕಾಂಗ್ರೆಸ್ ಸೇರಿದ್ದ ಮಧು 44,262 ಮತಗಳಿಂದ ಅಣ್ಣನನ್ನು ಸೋಲಿಸಿದರು. ಅದೇ ಮೇ ತಿಂಗಳಲ್ಲಿ ಶಾಲಾ ಶಿಕ್ಷಣ ಸಚಿವರಾದರು.

ಈ ಪಟ್ಟಿಯನ್ನು ಓದುಗರು ಇನ್ನೊಮ್ಮೆ ನೋಡಬೇಕೆಂದು ನಮ್ಮ ವಿನಂತಿ. 2008, 2013, 2018, 2023. ನಾಲ್ಕೂ ಚುನಾವಣೆಗಳಲ್ಲಿ ಹಾಲಿ ಶಾಸಕರು ಸ್ಪರ್ಧಿಸಿದರು, ನಾಲ್ಕರಲ್ಲೂ ಸೋತರು. ತಂದೆಯನ್ನು ಸತತ ಏಳು ಸಲ ಗೆಲ್ಲಿಸಿದ ಕ್ಷೇತ್ರ 2004ರ ನಂತರ ಯಾರನ್ನೂ ಎರಡನೆಯ ಬಾರಿ ಬೆನ್ನುಬೆನ್ನಿಗೆ ಆರಿಸಿಲ್ಲ. "ಅಲ್ಲಿ ಕುಟುಂಬ ರಾಜಕೀಯ, ಜನ ಕಣ್ಣು ಮುಚ್ಚಿ ಮತ ಹಾಕುತ್ತಾರೆ" ಎಂದು ದೂರದಿಂದ ಹೇಳುವುದು ಸುಲಭ. ನಮಗೆ ಹಾಗೆ ಅನ್ನಿಸುವುದಿಲ್ಲ. ಕಣ್ಣು ಮುಚ್ಚಿದವರು ಐದು ವರ್ಷಕ್ಕೊಮ್ಮೆ ಇಷ್ಟು ಸರಿಯಾಗಿ ಆಳು ಬದಲಿಸಲಾರರು. ತೊಂದರೆ ಇರುವುದು ಬೇರೆಡೆ: ಆಡಳಿತದ ಕಡೆಯ ಅಭ್ಯರ್ಥಿಯೂ ಎದುರಿನ ಅಭ್ಯರ್ಥಿಯೂ ಒಂದೇ ಮನೆಯಿಂದ ಬಂದಾಗ ಮೂರನೆಯವನಿಗೆ ಜಾಗ ಸಿಗುವುದು ಕಷ್ಟ. ಪಕ್ಷಗಳಿಗೂ ಇದು ಅನುಕೂಲ. ಊರಿನಲ್ಲಿ ಕಾರ್ಯಕರ್ತನನ್ನು ಬೆಳೆಸುವುದಕ್ಕಿಂತ ಹೆಸರಿರುವವರನ್ನು ಕರೆತರುವುದು ಹಗುರ. 1967ರಿಂದ ಈಚೆಗೆ ಸೊರಬದಿಂದ ಒಬ್ಬ ಮಹಿಳೆಯೂ ವಿಧಾನಸಭೆಗೆ ಹೋಗಿಲ್ಲ. ಬಂಗಾರಪ್ಪನವರ ಮಗಳು ಗೀತಾ ಶಿವರಾಜಕುಮಾರ್ 2014 ಮತ್ತು 2024ರಲ್ಲಿ ಲೋಕಸಭೆಗೆ ನಿಂತು ಸೋತರು.

ಬದಲಾಗದೆ ಉಳಿದದ್ದು ಜನರ ಬೇಡಿಕೆ. ಬಗರ್‌ಹುಕುಂ ಸಾಗುವಳಿಯ ಹಕ್ಕುಪತ್ರ, ಅರಣ್ಯ ಭೂಮಿಯ ತಕರಾರು, ಕೆರೆಗಳಿಗೆ ನೀರು. ದಂಡಾವತಿಗೆ ಅಣೆಕಟ್ಟು ಕಟ್ಟುವ ಮಾತು ದಶಕಗಳಷ್ಟು ಹಳೆಯದು. ಮುಳುಗಡೆಯ ಭಯದಿಂದ ಅದನ್ನು ವಿರೋಧಿಸಿದವರೂ ಆ ತಾಲ್ಲೂಕಿನ ರೈತರೇ. ಶಾಸಕ ಅಣ್ಣನೋ ತಮ್ಮನೋ ಎಂಬುದು ಪತ್ರಿಕೆಗೆ ಸುದ್ದಿ. ಹಕ್ಕುಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುವ ಹೊಸಬಾಳೆಯ ಅಥವಾ ಆನವಟ್ಟಿಯ ರೈತನಿಗೆ ಅರ್ಜಿ ಏನಾಯಿತು ಎಂಬುದು ಸುದ್ದಿ.

ಇನ್ನು ನೆರೆಯ ಶಿಕಾರಿಪುರ. ಮಂಡ್ಯ ಜಿಲ್ಲೆಯ ಬೂಕನಕೆರೆಯಿಂದ ಬಂದ ಬಿ.ಎಸ್. ಯಡಿಯೂರಪ್ಪನವರು ಅಲ್ಲಿ 1983ರಿಂದ ಎಂಟು ಸಲ ಶಾಸಕರಾದರು. 1999ರಲ್ಲಿ ಕಾಂಗ್ರೆಸ್ಸಿನ ಬಿ.ಎನ್. ಮಹಾಲಿಂಗಪ್ಪನವರಿಂದ ಒಮ್ಮೆ ಸೋತರು. 2013ರಲ್ಲಿ ಕೆಜೆಪಿಯ ತೆಂಗಿನಕಾಯಿ ಚಿಹ್ನೆಯೊಂದನ್ನು ಬಿಟ್ಟರೆ ಉಳಿದೆಲ್ಲ ಗೆಲುವೂ ಬಿಜೆಪಿಯದೇ. 2014ರ ಉಪಚುನಾವಣೆಯಲ್ಲಿ ಮಗ ಬಿ.ವೈ. ರಾಘವೇಂದ್ರ, 2023ರಲ್ಲಿ ಇನ್ನೊಬ್ಬ ಮಗ ಬಿ.ವೈ. ವಿಜಯೇಂದ್ರ ಗೆದ್ದರು. ವಿಜಯೇಂದ್ರರ ಅಂತರ 11,008 ಮಾತ್ರ. ಎದುರಿಗಿದ್ದವರು ಪಕ್ಷೇತರ ಅಭ್ಯರ್ಥಿ.

ಎರಡೂ ಮನೆಗಳ ಹಿರಿಯರು ಶಿಕಾರಿಪುರದಲ್ಲೇ ಎದುರಾದದ್ದು 2008ರಲ್ಲಿ. ಬಂಗಾರಪ್ಪನವರು ಸಮಾಜವಾದಿ ಪಕ್ಷದಿಂದ ನಿಂತು 45 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 2009ರ ಲೋಕಸಭೆಯಲ್ಲಿ ಅವರನ್ನು ಸೋಲಿಸಿದವರು ಯಡಿಯೂರಪ್ಪನವರ ಮಗ ರಾಘವೇಂದ್ರ. ಬೈಂದೂರಿನವರು ಮೊದಲ ಬಾರಿ ಶಿವಮೊಗ್ಗಕ್ಕೆ ಮತ ಹಾಕಿದ್ದು ಆ ಚುನಾವಣೆಯಲ್ಲೇ. ಬಂಗಾರಪ್ಪನವರು 2011ರ ಡಿಸೆಂಬರ್ 26ರಂದು ತೀರಿಕೊಂಡರು. ಆಮೇಲೆ 2014ರಲ್ಲಿ ಯಡಿಯೂರಪ್ಪ ಮತ್ತು ಗೀತಾ, 2018ರ ಉಪಚುನಾವಣೆ ಮತ್ತು 2019ರಲ್ಲಿ ರಾಘವೇಂದ್ರ ಮತ್ತು ಮಧು, 2024ರಲ್ಲಿ ರಾಘವೇಂದ್ರ ಮತ್ತು ಗೀತಾ. ಬೈಂದೂರಿನ ಹಿರಿಯರು ಹೇಳಿದ "ಎರಡೇ ಮನೆ" ಎಂದರೆ ಇವು.

ಸೊರಬದಲ್ಲಿ ಮುಂದಿನ ವಿಧಾನಸಭಾ ಚುನಾವಣೆ ನಡೆಯಬೇಕಾದದ್ದು 2028ರಲ್ಲಿ. ಹಾಲಿ ಶಾಸಕರು ಅಂದು ಮತ್ತೆ ನಿಂತು ಗೆದ್ದರೆ, 24 ವರ್ಷಗಳ ನಂತರ ಸೊರಬ ಒಬ್ಬರನ್ನು ಸತತ ಎರಡನೆಯ ಬಾರಿಗೆ ಕಳುಹಿಸಿದಂತಾಗುತ್ತದೆ.